ಈರವ್ವನ ಹೆಸರಿನ ಮೀನು

"ಈ ಮೀನಿಗೆ ನಿಮ್ಮ ಹೆಸರು ಇಡಬೇಕಂತ ಮಾಡೇನಿ," ಎಂದ ಶಾಂತಯ್ಯ. ಕಣ್ಣನ್ನು ಮೈಕ್ರೋಸ್ಕೋಪಿನಿಂದ ತೆಗೆಯದೆಯೇ ಹೇಳಿದ.

ಈರವ್ವ ಕೈಯಲ್ಲಿದ್ದ ಗಾಜಿನ ಜಾಡಿಯನ್ನು ಮೇಜಿನ ಮೇಲಿಟ್ಟಳು. ಇದು ಮರ್ಯಾದೆಯೋ ಅವಮಾನವೋ ಎಂದು ಅವಳಿಗೆ ತಕ್ಷಣ ತಿಳಿಯಲಿಲ್ಲ. ಅವಳು ಹುಬ್ಬಳ್ಳಿಯ ಅರಳೆ ವ್ಯಾಪಾರಿ ಮುರುಗೆಪ್ಪನ ಮಗಳು. ಸೋಮವಾರ ಉಳ್ಳಾಗಡ್ಡಿಯನ್ನೂ ಒಳಗೆ ತರದ ಮನೆ ಅದು. ಮಗಳು ಧಾರವಾಡದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದಾಳೆಂದು ಅಪ್ಪ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಪ್ರಾಣಿ ಯಾವುದು ಎಂದು ಯಾರಾದರೂ ಕೇಳಿದರೆ ಮಾತ್ರ ಮಳೆ ಬೆಳೆ ಎಂದು ವಿಷಯ ಬದಲಿಸುತ್ತಿದ್ದ.

"ಯಾವ ಮೀನಿಗ್ರಿ ಸರ?"

"ಚುಕ್ಕಿ ಇಲ್ಲದ್ದಕ್ಕ."

"ಚುಕ್ಕಿ ಇದ್ದದ್ದಕ್ಕ ಯಾಕ ಬ್ಯಾಡ? ಅದು ಚಂದ ಐತಿ."

"ಅದಕ್ಕ ಆಗಲೇ ಹೆಸರೈತ್ರಿ. ನೂರು ವರ್ಷದ ಹಿಂದ ಯಾರೋ ಇಟ್ಟಾರ."

"ಹಂಗಾರ ಉಳಿದದ್ದು ನನ್ನ ಪಾಲಿಗೆ ಬಂತು."

ಆಗ ಶಾಂತಯ್ಯ ತಲೆ ಎತ್ತಿದ. ಅವನ ನೋಟದಲ್ಲಿ ಒಂದು ದೋಷವಿತ್ತು. ಎಲ್ಲವನ್ನೂ ಅಳತೆ ಮಾಡುವವನ ಹಾಗೆ ನೋಡುತ್ತಿದ್ದ. ಅಂದು ಮಾತ್ರ ಅಳತೆ ತಪ್ಪಿದವನ ಹಾಗೆ ಮೊದಲು ಅವಳ ಮುಖ ನೋಡಿದ, ಆಮೇಲೆ ಅವಳ ಕೈಬಳೆ ನೋಡಿದ, ಕೊನೆಗೆ ಕಿಟಕಿ ನೋಡಿದ. ಕಿಟಕಿಯ ಆಚೆ ನೋಡುವಂಥದ್ದೇನೂ ಇರಲಿಲ್ಲ.

ಇದು ನಡೆದದ್ದು ೧೯೩೭ರ ಚಳಿಗಾಲದಲ್ಲಿ. ಶಾಂತಯ್ಯ ಮುಂಬಯಿಯಲ್ಲಿ ಎಂ.ಎಸ್ಸಿ. ಓದಿ ಬಂದ ಲೆಕ್ಚರರ್. ಜಂಗಮರ ಮನೆತನ. ಹಣೆಗೆ ದಿನವೂ ವಿಭೂತಿ, ಕೈಗೆ ದಿನವೂ ಸ್ಪಿರಿಟ್ಟಿನ ವಾಸನೆ. ಮನೆಗೆ ಹೋದೊಡನೆ ಅವನ ತಾಯಿ ಹೊಸ್ತಿಲಲ್ಲೇ ತಡೆದು, ಸ್ನಾನ ಮಾಡಿಸಿಯೇ ಒಳಗೆ ಬಿಡುತ್ತಿದ್ದಳಂತೆ. ಅವನು ಹಿಡಿದ ಕೆಲಸ ಡ್ಯಾಸಿಲಸ್ ಎಂಬ ಕುಲದ ಮೀನುಗಳದ್ದು. ಅಂಗೈಯಗಲದ ಪುಟ್ಟ ಮೀನುಗಳು. ಹವಳದ ದಿಬ್ಬಗಳಲ್ಲಿ ವಾಸ. ಇಂಗ್ಲಿಷಿನಲ್ಲಿ ಇವುಗಳ ಇಡೀ ಮನೆತನಕ್ಕೆ ಡ್ಯಾಮ್ಸೆಲ್ ಫಿಶ್, ಅಂದರೆ ಕನ್ಯೆ ಮೀನು ಎನ್ನುತ್ತಾರೆ. ಆ ಹೆಸರು ಯಾರು ಇಟ್ಟರೆಂದು ಈರವ್ವ ಒಮ್ಮೆ ಕೇಳಿದ್ದಳು. ಮದುವೆಯಾಗದ ಯಾರೋ ಇಟ್ಟಿರಬೇಕು ಎಂದು ಅವನು ನಗದೆ ಉತ್ತರ ಕೊಟ್ಟಿದ್ದ.

ಸಮುದ್ರ ಧಾರವಾಡದಿಂದ ಬಹಳ ದೂರ. ಲಕ್ಷದ್ವೀಪದಿಂದ ಹಾಯಿದೋಣಿಯಲ್ಲಿ ಬಂದ ಮೀನುಗಳನ್ನು ಕಾರವಾರದಲ್ಲಿ ಒಬ್ಬ ಪರಿಚಯದವನು ಸ್ಪಿರಿಟ್ಟಿನಲ್ಲಿ ಹಾಕಿ ಕೊಡುತ್ತಿದ್ದ. ಬೆಂಗೇರಿಯ ಖಾಜಾಸಾಬ ತನ್ನ ಲಾರಿಯಲ್ಲಿ, ಉಪ್ಪು ತೆಂಗಿನಕಾಯಿಗಳ ನಡುವೆ, ಆ ಜಾಡಿಗಳನ್ನು ಇಟ್ಟು ಘಟ್ಟ ಹತ್ತಿಸಿ ತರುತ್ತಿದ್ದ. ಹೀಗಾಗಿ ಶಾಂತಯ್ಯ ನೂರಾರು ಡ್ಯಾಸಿಲಸ್ ನೋಡಿದ್ದ, ಜೀವ ಇರುವ ಒಂದನ್ನೂ ನೋಡಿರಲಿಲ್ಲ.

ಪ್ರಯೋಗಾಲಯದ ಕಪ್ಪುಹಲಗೆಯ ಮೇಲೆ ಅವನು ಈ ಕುಲದ ವಂಶವೃಕ್ಷ ಬರೆದಿದ್ದ. ಒಂದೇ ಬೊಡ್ಡೆ, ಅದರಿಂದ ಕೊಂಬೆಗಳು. ಮೈಮೇಲೆ ಅಡ್ಡಪಟ್ಟೆ ಇರುವ ಮೀನುಗಳು ಒಂದು ಕೊಂಬೆ. ಕಪ್ಪು ಮೈಗೆ ಮೂರು ಬಿಳಿ ಚುಕ್ಕೆ ಇರುವುದು, ಅಂದರೆ ಹಣೆಯ ಮೇಲೊಂದು, ಎರಡೂ ಪಕ್ಕೆಗೆ ಒಂದೊಂದು ಇರುವುದು, ಇನ್ನೊಂದು ಕೊಂಬೆ. ಆ ಕೊಂಬೆಗೆ ಅಂಟಿಕೊಂಡಂತೆ ಒಂದು ಹೊಸ ಟೊಂಗೆ ಇತ್ತು. ಮೈ ಅಷ್ಟೇ ಕಪ್ಪು, ಆದರೆ ಚುಕ್ಕೆಯೇ ಇಲ್ಲದ ದೊಡ್ಡ ಮೀನು. ಇದು ಯಾರೂ ಗುರುತಿಸದ ಹೊಸ ಪ್ರಭೇದ ಎಂಬುದು ಶಾಂತಯ್ಯನ ವಾದ.

"ಹೆಸರು ಇಡೂದು ಸೋದರತ್ತಿ ಕೆಲಸರಿ," ಎಂದಳು ಈರವ್ವ. "ತೊಟ್ಟಿಲ ಮುಂದ ಕಿವ್ಯಾಗ ಹೆಸರು ಹೇಳಬೇಕು. ಹೇಳಿದಾಕಿ ಬೆನ್ನಿಗೆ ಹಿಂದ ನಿಂತವರು ಗುದ್ದಬೇಕು. ನಿಮಗ ಗುದ್ದೋರು ಯಾರದಾರ?"

"ಕಲ್ಕತ್ತಾದ ಸಂಪಾದಕರು ಗುದ್ದತಾರ್ರಿ. ಲೇಖನ ಅವರಿಗೇ ಕಳಿಸೂದು."

ಅವಳು ನಕ್ಕಳು. ಅವನು ಚಾಕ್‌ಪೀಸ್ ತೆಗೆದುಕೊಂಡು ಆ ಟೊಂಗೆಯ ತುದಿಗೆ ಬರೆದ: ಡ್ಯಾಸಿಲಸ್ ಈರವ್ವೀ. ಹಿಂದಿನ ಬಾಲ ಲ್ಯಾಟಿನ್ನಿನದು, ಹೆಣ್ಣಿನ ಹೆಸರಿಗೆ ಹಾಗೆ ಹಚ್ಚಬೇಕು ಎಂದ. ಅವಳಿಗೆ ಬಹಳ ಸಂತೋಷವಾಗಿತ್ತು, ಅದನ್ನು ತೋರಿಸದೆ ಜಾಡಿ ಒರೆಸಿದಳು.

ಹುಬ್ಬಳ್ಳಿಯ ಮನೆಯಲ್ಲಿ ಈ ಸುದ್ದಿಯನ್ನು ಅವಳು ಗೌರಕ್ಕನಿಗೆ ಮಾತ್ರ ಹೇಳಿದಳು. ಗೌರಕ್ಕ ಅಪ್ಪನ ಅಕ್ಕ. ತಾಯಿ ಇಲ್ಲದ ಮನೆಯಲ್ಲಿ ಅವಳದೇ ಕಾರಭಾರ. ರೊಟ್ಟಿ ಬಡಿಯುತ್ತಿದ್ದ ಗೌರಕ್ಕನ ಕೈ ನಿಂತಿತು.

"ನಮ್ಮವ್ವನ ಹೆಸರವಾ ಅದು. ನಾ ಇಟ್ಟದ್ದು. ಮೀನಿಗೆ ಇಡತಾನಂತ? ಆ ಅಯ್ಯಗ ತಲಿ ನೆಟ್ಟಗೈತೇನು?"

"ಅದು ದೊಡ್ಡ ಮರ್ಯಾದಿ ಅತ್ತಿ. ಜಗತ್ತಿನಾಗ ಎಲ್ಲಾರೂ ಅದನ್ನ ಹಂಗ ಕರೀಬೇಕು, ಕಡೀತನಕ."

ಗೌರಕ್ಕ ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದಳು. ಸಿಟ್ಟು ಅವಳಿಗೆ ಬಹಳ ಹೊತ್ತು ಇರುತ್ತಿರಲಿಲ್ಲ, ಕುತೂಹಲ ಬೇಗ ಬರುತ್ತಿತ್ತು.

"ಹೆಸರು ಇಟ್ಟು, ಮುಂದ ಏನಂದ?"

"ಏನೂ ಅನ್ನಲಿಲ್ಲ."

"ಮೂಗ ಅದಾನೇನು?" ಗೌರಕ್ಕ ದನಿ ತಗ್ಗಿಸಿದಳು. "ನೋಡವಾ, ಗದಗಿನವರು ನೋಡಾಕ ಬರೋರದಾರ. ನಿಮ್ಮಪ್ಪ ಮಾತು ಕೊಟ್ಟಿಲ್ಲ ಇನ್ನೂ. ಅಯ್ಯಗೋಳ ಮನಿಗೆ ನಮ್ಮ ಹುಡಿಗೀನ ಕೊಡೂದು ಸುಲಭ ಅಲ್ಲ, ಆದರ ಅವರು ಕೇಳಿದರ ನಾ ಮಾತಾಡೇನು. ಕೇಳಬೇಕಲ್ಲ? ಕೇಳಲಾರದವಗ ನಾ ಹೋಗಿ ತಗೋಪಾ ಅನ್ನಲೇನು?"

ಈರವ್ವ ಬೆಂದ ರೊಟ್ಟಿಯನ್ನು ಬುಟ್ಟಿಗೆ ಹಾಕಿದಳು. ಶಾಂತಯ್ಯ ಕೇಳಿದ್ದಾನೆ ಎಂದೇ ಅವಳ ನಂಬಿಕೆ. ಮಾತು ಬಾರದ ಮನುಷ್ಯ ತನಗೆ ಬರುವ ಭಾಷೆಯಲ್ಲಿ ಕೇಳಿದ್ದಾನೆ. ಪತ್ರಿಕೆಯಲ್ಲಿ ಆ ಹೆಸರು ಅಚ್ಚಾಗಿ ಬಂದ ದಿನ ಉಳಿದದ್ದನ್ನೂ ಹೇಳುತ್ತಾನೆ. ಅಲ್ಲಿಯತನಕ ಗದಗಿನವರನ್ನು ಹೇಗಾದರೂ ಮುಂದೆ ಹಾಕಬೇಕು.

ಲೇಖನ ಕಲ್ಕತ್ತಾಕ್ಕೆ ಹೋಯಿತು. ಅದರ ಜೊತೆ ಹಾಕುವ ಚಿತ್ರಗಳನ್ನು ಬರೆಯುವ ಕೆಲಸ ಈರವ್ವನದಾಯಿತು. ಚಿತ್ರಕ್ಕೆ ಒಳ್ಳೆಯ ಮೀನು ಆರಿಸುವಾಗ ಅವಳು ಕಪಾಟಿನ ಕೆಳಗಿನ ಜಾಡಿಯೊಂದನ್ನು ತೆಗೆದಳು. ಅದಕ್ಕೆ 'ಸ್ಪಿರಿಟ್ಟಿನಲ್ಲಿ ಕೆಟ್ಟದ್ದು' ಎಂದು ಶಾಂತಯ್ಯನ ಕೈಯಲ್ಲೇ ಚೀಟಿ ಹಚ್ಚಿತ್ತು. ಒಳಗಿನವು ಚಿಕ್ಕವೂ ಅಲ್ಲ, ದೊಡ್ಡವೂ ಅಲ್ಲದ ಮೀನುಗಳು. ಪಕ್ಕೆಯ ಚುಕ್ಕೆ ಮಂಕು, ಹಣೆಯ ಚುಕ್ಕೆ ಇದ್ದೂ ಇಲ್ಲದ ಹಾಗೆ. ಸ್ಪಿರಿಟ್ಟಿನಲ್ಲಿ ಬಣ್ಣ ಹೋಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ಆದ್ದರಿಂದ ಇವು ಕೆಟ್ಟವು ಎಂದು ಅವನು ಬದಿಗಿಟ್ಟಿದ್ದ. ಜಾಡಿಯಲ್ಲೇ ಮೀನು ಕಂಡವರು ಮಾಡುವ ತಪ್ಪು ಅದು.

ಈರವ್ವ ಒಂದನ್ನು ಚಿಮಟದಿಂದ ಎತ್ತಿ ಬೆಳಕಿಗೆ ಹಿಡಿದಳು. ಸ್ಪಿರಿಟ್ಟು ಬಣ್ಣ ತೆಗೆಯುತ್ತದೆ, ಬಣ್ಣ ಬಳಿಯುವುದಿಲ್ಲ. ಕಪ್ಪು ಮೈ ಕಂದಾಗಬಹುದು. ಬಿಳಿ ಚುಕ್ಕೆ ಕಪ್ಪಾಗುವುದು ಹೇಗೆ?

ಅವಳು ಒದ್ದೆ ಅರಿವೆ ಹಾಸಿ, ಚಿಕ್ಕದರಿಂದ ದೊಡ್ಡದರವರೆಗೆ ಎಲ್ಲವನ್ನೂ ಸಾಲಾಗಿ ಮಲಗಿಸಿದಳು. ಸಾಲಿನ ಈ ತುದಿಯಲ್ಲಿ ಮೂರು ಚುಕ್ಕೆಯ ಮರಿಗಳು. ಮುಂದೆ ಮುಂದೆ ಹೋದಂತೆ ಹಣೆಯ ಚುಕ್ಕೆ ಮೊದಲು ಮಾಸುತ್ತ, ಆಮೇಲೆ ಪಕ್ಕೆಯದು ಕುಗ್ಗುತ್ತ, ಆ ತುದಿಯಲ್ಲಿ ಏನೂ ಇಲ್ಲ. ರೆಕ್ಕೆಯ ಮುಳ್ಳು ಎಣಿಸಿದಳು, ಹುರುಪೆಯ ಸಾಲು ಎಣಿಸಿದಳು, ಹಲ್ಲು ನೋಡಿದಳು. ಎಲ್ಲ ಒಂದೇ. ಚುಕ್ಕೆ ಇಲ್ಲದ ಮೀನು ಹೊಸದೇನೂ ಅಲ್ಲ, ಚುಕ್ಕೆ ಇದ್ದ ಮೀನೇ ಬೆಳೆದು ದೊಡ್ಡದಾದದ್ದು. ಡ್ಯಾಸಿಲಸ್ ಈರವ್ವೀ ಎಂಬ ಮೀನು ಜಗತ್ತಿನಲ್ಲಿ ಇರಲೇ ಇಲ್ಲ.

ಕಂಡುಹಿಡಿದೆ ಎಂದು ಅವಳಿಗೆ ಮೊದಲು ಹಿಗ್ಗು ಬಂತು. ಅದರ ಹಿಂದೆಯೇ ಕಪ್ಪುಹಲಗೆಯ ಮೇಲಿನ ತನ್ನ ಹೆಸರು ಕಣ್ಣಿಗೆ ಬಿತ್ತು. ಇದನ್ನು ಹೇಳಿದರೆ ಹೆಸರು ಹೋಗುತ್ತದೆ. ಹೆಸರಿನ ಜೊತೆ ಅವನು ಆಡಿದ ಒಂದೇ ಒಂದು ಮಾತೂ ಹೋಗುತ್ತದೆ. ಇನ್ನೊಂದು ಮಾತು ಅವನ ಹತ್ತಿರ ಇದೆಯೋ ಇಲ್ಲವೋ ದೇವರೇ ಬಲ್ಲ.

ಒಂದು ವಾರ ಅವಳು ಸುಮ್ಮನಿದ್ದಳು. ದಿನವೂ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ರೈಲಿನ ಹೆಂಗಸರ ಡಬ್ಬಿಯಲ್ಲಿ ಕಿಟಕಿಗೆ ಕೂತು, ಗಾಡಿ ಉಣಕಲ್ ಕೆರೆ ದಾಟುವಾಗ, ಯಾರಿಗೆ ಇದರಿಂದ ನಷ್ಟ ಎಂದು ವಾದ ಮಾಡಿಕೊಂಡಳು. ಮೀನಿಗಂತೂ ನಷ್ಟವಿಲ್ಲ. ಯಾರೋ ಮುಂದೆ ಎಂದೋ ಕಂಡುಹಿಡಿದು ತಿದ್ದಿಕೊಳ್ಳಲಿ. ಆದರೆ ತಿದ್ದುವವನು ಶಾಂತಯ್ಯನ ಹೆಸರು ಬರೆದು, ಈ ಲೆಕ್ಚರರಿಗೆ ಮರಿ ಯಾವುದು ತಾಯಿ ಯಾವುದು ತಿಳಿಯಲಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳುತ್ತಾನೆ. ಅವನನ್ನು ನೋಡಿ ಯಾರಾದರೂ ನಗುತ್ತಾರೆ ಎಂಬುದನ್ನು ಅವಳಿಗೆ ಸಹಿಸಲು ಆಗಲಿಲ್ಲ. ತನಗೆ ಅವನ ಮೇಲೆ ಎಷ್ಟು ಮನಸ್ಸಾಗಿದೆ ಎಂದು ಅವಳಿಗೆ ಸರಿಯಾಗಿ ಗೊತ್ತಾದದ್ದು ಆಗಲೇ.

ಮರುದಿನ ಮಧ್ಯಾಹ್ನ ಮೀನುಗಳನ್ನು ಮತ್ತೆ ಸಾಲಾಗಿ ಮಲಗಿಸಿ ಅವನನ್ನು ಕರೆದಳು.

"ಸರ, ಇವು ಎರಡಲ್ಲ. ಒಂದೇ."

ಅವನು ಬಗ್ಗಿ ನೋಡಿದ. ಒಂದೊಂದನ್ನೂ ಎತ್ತಿ ತಾನೇ ಎಣಿಸಿದ. ಅವಳು ಎದುರಿಗೆ ನಿಂತು ಅವನ ಹುಬ್ಬು ನೋಡುತ್ತಿದ್ದಳು. ಹುಬ್ಬು ಮೊದಲು ಗಂಟಾಯಿತು, ಆಮೇಲೆ ಮೇಲೆ ಹೋಯಿತು, ಕೊನೆಗೆ ಸುಮ್ಮನಾಯಿತು.

"ಖರೇ ಐತಿ," ಎಂದ. "ಮ್ಯಾಲಿನ ಬಣ್ಣ ನೋಡಿ ಸಂಬಂಧ ಹೇಳಬಾರದು ಅಂತ ಹುಡುಗರಿಗೆ ದಿನಾ ಪಾಠ ಹೇಳತೇನಿ. ನಾನೇ ಚುಕ್ಕಿ ನೋಡಿ ಮೋಸ ಹೋದೆ."

"ಯಾರರ ಹೋಗತಿದ್ರು ಬಿಡ್ರಿ."

"ನೀವು ಹೋಗಲಿಲ್ಲ." ಅವನು ಕಪ್ಪುಹಲಗೆಯ ಹತ್ತಿರ ಹೋದ. ಡಸ್ಟರ್ ತೆಗೆದುಕೊಂಡ. ಆಮೇಲೆ ಆ ಟೊಂಗೆಯನ್ನೂ ಅದರ ತುದಿಯ ಹೆಸರನ್ನೂ ಒರೆಸಿದ. ತಿರುಗಿದಾಗ ಅವನ ಮುಖ ಪರೀಕ್ಷೆಯ ದಿನ ಹುಡುಗರ ಮುಂದೆ ಇಟ್ಟುಕೊಳ್ಳುವಂಥದ್ದಾಗಿತ್ತು.

"ಈ ಹೆಸರಿಗೆ ನಿಮ್ಮ ಮನಸ್ಸಿರಲಿಲ್ಲ ಅಂದ್ರ ಮೊದಲ ಹೇಳಬಹುದಿತ್ತು ಈರವ್ವನವರ. ಇಷ್ಟು ಶ್ರಮ ಪಡಬೇಕಾಗಿರಲಿಲ್ಲ."

ಅವಳು ಬಾಯಿ ತೆರೆಯುವಷ್ಟರಲ್ಲಿ ಗಂಟೆ ಹೊಡೆಯಿತು. ಇಂಟರ್ ಕ್ಲಾಸಿನ ಹುಡುಗರು ಕಪ್ಪೆ ಕೊಯ್ಯುವ ಉತ್ಸಾಹದಲ್ಲಿ ಒಳಗೆ ನುಗ್ಗಿದರು. ಆ ಗದ್ದಲದಲ್ಲಿ ಹೇಳುವಂಥ ಮಾತಾಗಿರಲಿಲ್ಲ ಅದು.

ಅಂದೇ ಸಂಜೆ ಲೇಖನ ಅಚ್ಚು ಮಾಡಬೇಡಿ ಎಂದು ಅವನು ಕಲ್ಕತ್ತಾಕ್ಕೆ ತಂತಿ ಕೊಟ್ಟ. ಪ್ರಿನ್ಸಿಪಾಲರಿಗೆ, ತಪ್ಪು ನನ್ನದು, ಕಂಡುಹಿಡಿದವರು ಈರವ್ವನವರು ಎಂದು ತಾನೇ ಹೋಗಿ ಹೇಳಿದ. ಆ ವಿಷಯದಲ್ಲಿ ಅವನಿಗೆ ಒಂದು ಗುಲಗಂಜಿಯಷ್ಟೂ ಸಣ್ಣತನವಿರಲಿಲ್ಲ. ಉಳಿದ ವಿಷಯದಲ್ಲಿ ಮಾತ್ರ ಬಾಗಿಲು ಹಾಕಿಕೊಂಡ. 'ಈರವ್ವನವರ' ಹೋಗಿ 'ಮಿಸ್ ಈರವ್ವ' ಬಂತು. ಮೈಕ್ರೋಸ್ಕೋಪು ಬೇಕಾದಾಗ ಮೊದಲೆಲ್ಲ ಬಾಗಿ ಅವಳ ಭುಜದ ಮೇಲಿಂದ ನೋಡುತ್ತಿದ್ದವನು ಈಗ ಅವಳು ಎದ್ದು ಹೋಗುವವರೆಗೂ ಬಾಗಿಲಲ್ಲಿ ನಿಲ್ಲುತ್ತಿದ್ದ. ಒಮ್ಮೆ ಇಬ್ಬರೂ ಒಂದೇ ಜಾಡಿಗೆ ಕೈ ಹಾಕಿದರು. ಬಿಸಿ ತಗುಲಿದವನ ಹಾಗೆ ಅವನು ಕೈ ತೆಗೆದ. ಈರವ್ವನಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಅವಳೂ ಮಾತು ಬಿಟ್ಟಳು. ಇಬ್ಬರು ಓದಿದವರು ಸೇರಿದರೆ ಹೀಗಾಗುವುದು ಉಂಟು.

ಗದಗಿನವರು ಬಂದು ಹೋದರು. ಹುಡುಗ ಒಳ್ಳೆಯವನು, ಕಾಳಿನ ವ್ಯಾಪಾರ. ಕಾಲೇಜಿನಲ್ಲಿ ಏನು ಮಾಡುತ್ತೀರಿ ಎಂದು ಸೌಮ್ಯವಾಗಿ ಕೇಳಿದ. ಮೀನಿನ ಹಲ್ಲು ನೋಡುತ್ತೇನೆ ಎಂದಳು ಈರವ್ವ. ಅವನ ತಾಯಿ ಅವಳು ತಂದಿಟ್ಟ ಉಪ್ಪಿಟ್ಟಿನ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು. ಆದರೂ ಹುಡುಗಿ ಒಪ್ಪಿಗೆ ಎಂದು ಎರಡು ದಿನಕ್ಕೆ ಸುದ್ದಿ ಬಂತು. ಬರುವ ಸೋಮವಾರ ಉತ್ತರ ಕೊಡುತ್ತೇವೆ ಎಂದ ಮುರುಗೆಪ್ಪ, ಮಗಳ ಮುಖ ನೋಡಿ.

ಶನಿವಾರ ಬೆಳಿಗ್ಗೆ ಖಾಜಾಸಾಬ ಖಾಲಿ ಪೆಟ್ಟಿಗೆಗಳನ್ನು ತಂದು ಪ್ರಯೋಗಾಲಯದ ಕಟ್ಟೆಯ ಮೇಲೆ ಇಳಿಸುತ್ತಿದ್ದ.

"ಇವು ಯಾತಕ್ಕ ಖಾಜಾಸಾಬ?" ಕೇಳಿದಳು ಈರವ್ವ.

"ಸರ ಪುಸ್ತಕ ತುಂಬಾಕ ಹೇಳ್ಯಾರ್ರಿ. ಮುಂಬಯ್ಯಾಗ ಸರಕಾರದ ಮೀನಿನ ಕಚೇರ್ಯಾಗ ಜಾಗಾ ಸಿಕ್ಕೈತಂತ. ಪರೀಕ್ಷಾ ಮುಗಿದ ಮ್ಯಾಲ ಹೊಂಟ್ರು. ನಿಮಗ ಗೊತ್ತಿಲ್ಲೇನ್ರಿ?" ಅವನು ಹೆಗಲ ಮೇಲಿನ ವಸ್ತ್ರದಿಂದ ಬೆವರು ಒರೆಸಿಕೊಂಡ. "ನನಗೂ ಬ್ಯಾಸರ ಆಗತೈತ್ರಿ. ಆ ಬಾಟ್ಲಿ ವಾಸನಿಗೆ ಘಟ್ಟದ ನಾಕೇದಾರ ನನ್ನ ಲಾರಿ ನಿಲ್ಲಿಸಿ, ಕುಡದೀಯೇನಂತ ಬಾಯಿ ಮೂಸತಿದ್ದ. ಬೈಕೋತ ತಂದ್ರೂ, ತರೂದು ರೂಢಿ ಆಗಿತ್ತು."

ಈರವ್ವ ಒಳಗೆ ಹೋದಳು. ಶಾಂತಯ್ಯ ಕಪಾಟಿನ ಮುಂದೆ ನಿಂತು ಜಾಡಿಗಳ ಚೀಟಿ ಓದುತ್ತಿದ್ದ. ಹೊರಗೆ ಬಿಸಿಲು ಜೋರಿತ್ತು, ಅವನ ಹಣೆಯ ವಿಭೂತಿ ಬೆವರಿಗೆ ಕದಡಿತ್ತು. ಅವಳಿಗೆ ಸುತ್ತಿ ಬಳಸಿ ಮಾತಾಡುವ ತಾಳ್ಮೆ ಮುಗಿದಿತ್ತು.

"ಸರ, ನಾ ಬ್ಯಾಡ ಅಂದದ್ದು ಮೀನಿಗೆ."

ಅವನು ತಿರುಗಿದ. "ಏನಂದ್ರಿ?"

"ಮೀನ ಎರಡಲ್ಲ, ಒಂದು ಅಂದೆ. ಅದರಾಗ ನಿಮ್ಮ ಸುದ್ದಿ ಎಲ್ಲಿ ಬಂತು?"

"ಹೆಸರಿನಾಗ ಬಂತು," ಎಂದ ಅವನು, ತಡೆದು. "ನನಗ ಹೇಳಾಕ ಬಂದದ್ದು ಅದೊಂದ. ಅದನ್ನ ನೀವು ತಗಸಿದ್ರಿ. ನನಗ ಇನ್ನೇನು ತಿಳೀಬೇಕು?"

"ಸುಳ್ಳು ಮೀನಿನ ಮ್ಯಾಲ ನನ್ನ ಹೆಸರು ಇದ್ದಿದ್ರ ನಿಮಗ ಛಲೋ ಅನಸತಿತ್ತೇನು?"

"ಇಲ್ಲ."

"ನಾಳೆ ಯಾರೋ ತಪ್ಪು ಹಿಡದು ನಿಮ್ಮನ್ನ ನೋಡಿ ನಕ್ಕಿದ್ರ ನನಗ ಛಲೋ ಅನಸತಿತ್ತೇನು? ಅದಕ್ಕ ಹೇಳಿದೆ. ಬ್ಯಾರೆ ಯಾರದರ ಲೇಖನ ಆಗಿದ್ರ, ನನ್ನ ಹೆಸರು ಇರಲಿ ಬಿಡು ಅಂತ ಸುಮ್ಮನ ಕೂಡತಿದ್ದೆ. ಒಂದು ವಾರ ಕುಂತೂ ಇದ್ದೆ. ನಿಮ್ಮದಂತ ಕೂಡಾಕ ಆಗಲಿಲ್ಲ."

ಹೇಳಿ ಮುಗಿದ ಮೇಲೆ ಅವಳ ಕೆನ್ನೆ ಸುಡತೊಡಗಿತು. ಆದರೂ ತಲೆ ತಗ್ಗಿಸಲಿಲ್ಲ. ಶಾಂತಯ್ಯ ಅವಳನ್ನೇ ನೋಡುತ್ತಿದ್ದ. ಮೊದಲ ಸಲ ಅವನು ಏನನ್ನೂ ಅಳೆಯುತ್ತಿರಲಿಲ್ಲ.

"ಗದಗಿನವರಿಗೆ ಏನು ಹೇಳೀರಿ?" ಎಂದ.

"ನಿಮಗ ಯಾರು ಹೇಳಿದ್ರು?"

"ಖಾಜಾಸಾಬ."

"ಅವ ಬರೇ ಜಾಡಿ ಹೊರತಾನ ಅಂತ ತಿಳಕೊಂಡಿದ್ದೆ," ಎಂದಳು ಈರವ್ವ. "ಇನ್ನೂ ಏನೂ ಹೇಳಿಲ್ರಿ. ಸೋಮವಾರ ಹೇಳಬೇಕು. ನೀವು ಏನರ ಕೇಳಿದ್ರ ನನಗ ಹೇಳಾಕ ಸುಲಭ ಆಗತೈತಿ. ಈ ಸಲ ಲ್ಯಾಟಿನ್ ಬ್ಯಾಡ್ರಿ."

ಶಾಂತಯ್ಯ ಕೈಯಲ್ಲಿದ್ದ ಚಿಮಟವನ್ನು ಮೇಜಿನ ಮೇಲಿಟ್ಟ. ನಳದ ಹತ್ತಿರ ಹೋಗಿ ಸೋಪು ಹಚ್ಚಿ ಎರಡೂ ಕೈ ತೊಳೆದ, ಮತ್ತೊಮ್ಮೆ ತೊಳೆದ, ಧೋತರದ ಅಂಚಿಗೆ ಒರೆಸಿಕೊಂಡ. ಅವಸರ ಮಾಡಲಿಲ್ಲ. ಅವಳಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

ಅವನು ಮೇಜಿನ ಈಚೆಗೆ ಬಂದು ನಿಂತ. "ನೀವಂದ್ರ ನನಗ ಬಾಳ ಇಷ್ಟರಿ, ಈರವ್ವ. ನೀವು ಬಂದ ವರ್ಷದಿಂದ. ನನ್ನನ್ನ ಲಗ್ನ ಆಗತೀರೇನು?"

"ಹೂನ್ರಿ," ಎಂದಳು. ಅಷ್ಟು ಬೇಗ ಹೇಳಿದ್ದಕ್ಕೆ ತಾನೇ ನಾಚಿ, "ನಮ್ಮಪ್ಪಗ ನಾನೇ ಹೇಳತೇನಿ. ನಮ್ಮತ್ತಿ ನನ್ನ ಕಡೆ ಇರತಾಳ. ನಿಮ್ಮ ತಾಯಾರಿಗೆ ನೀವು ಹೇಳ್ರಿ," ಎಂದು ಸೇರಿಸಿದಳು.

"ಹೇಳತೇನಿ. ಇವತ್ತ ಹೇಳತೇನಿ." ಅವನು ಬಾಗಿಲ ಆಚೆಯ ಪೆಟ್ಟಿಗೆಗಳನ್ನು ನೋಡಿದ. "ಆ ಮುಂಬಯಿ ಜಾಗಾ ಬ್ಯಾಡಂತ ಬರೀಲೇನು? ನಿಮಗ ಧಾರವಾಡ ಬಿಡೂದು..."

"ಯಾಕ್ರಿ? ಹೋಗೂಣು." ಈರವ್ವ ಕಪಾಟಿನ ಜಾಡಿಗಳತ್ತ ಕೈ ತೋರಿಸಿದಳು. "ಅಲ್ಲಿ ಸಮುದ್ರ ಐತಿ. ಜೀವ ಇರೋ ಮೀನ ಹೆಂಗಿರತೈತಿ, ಇಬ್ಬರೂ ಕೂಡಿ ನೋಡೂಣು."